ತಾತನ ಪೆಟ್ಟಿಗೆ: ತುಕ್ಕು ತೆಗೆಯುವ ಮೊದಲು ಮಾಡಬೇಕಿದ್ದ ಕೆಲಸ

ಈ ಪೆಟ್ಟಿಗೆಯಲ್ಲಿದ್ದ ಗರಗಸವನ್ನು ಯಾರು ಮಾಡಿದ್ದು ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಅದನ್ನು ಹೇಳಬಹುದಾಗಿದ್ದ ಒಂದೇ ಗುರುತನ್ನು ಇಪ್ಪತ್ತು ನಿಮಿಷದಲ್ಲಿ ನಾನೇ ಕೈಯಾರೆ ಉಜ್ಜಿ ಅಳಿಸಿದ್ದೇನೆ. ಈ ದಾಖಲೆ ಬರೆಯಲು ಕೂತಿದ್ದೇ ಅದಕ್ಕೆ. ಉಳಿದ ಉಪಕರಣಗಳು ತಕ್ಕ ಮಟ್ಟಿಗೆ ಸರಿಹೋದವು, ಒಂದು ಇನ್ನೂ ಎಣ್ಣೆಯಲ್ಲಿ ಮುಳುಗಿದೆ.

ದಿನ 1: ಪೆಟ್ಟಿಗೆ ತೆರೆದದ್ದು, ಗರಗಸ ಕೆಡಿಸಿದ್ದು

ಒಳಗಿದ್ದದ್ದು: ಕಬ್ಬಿಣದ ಕೀಸುಳಿ ಒಂದು (ಹತ್ರಿ ಅಂದರೂ ಇದೇ), 26 ಇಂಚಿನ ಕೈಗರಗಸ ಒಂದು, ಉಳಿ ನಾಲ್ಕು, ಹಿಡಿ ತಿರುಗಿಸುವ ಬೈರಿಗೆ ಒಂದು, ಕಾವಿಲ್ಲದ ಸುತ್ತಿಗೆ ಒಂದು, ಜೊತೆಗೆ ಇಕ್ಕಳದ ಹಾಗೆ ಕಾಣುವ, ಮೂತಿಯಲ್ಲಿ ಸಣ್ಣ ಚಕ್ರವಿರುವ ಏನೋ ಒಂದು. ಎಲ್ಲದರ ಮೇಲೂ ಒಂದೇ ಬಣ್ಣದ ತುಕ್ಕು.

ಗರಗಸ ದೊಡ್ಡದು, ಚಪ್ಪಟೆ, ಸುಲಭ ಅನ್ನಿಸಿತು. ಡ್ರಿಲ್ಲಿಗೆ ತಂತಿ ಬ್ರಷ್ ಹಾಕಿ ಓಡಿಸಿದೆ, ಆಮೇಲೆ 80ರ ಉಪ್ಪುಕಾಗದದಲ್ಲಿ (ಅಂಕೆ ಕಡಿಮೆಯಾದಷ್ಟೂ ಕಾಗದ ಒರಟು) ಉದ್ದುದ್ದ ಉಜ್ಜಿದೆ. ಅಲಗು ಹೊಸ ತಟ್ಟೆಯ ಹಾಗೆ ಹೊಳೆಯಿತು. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ.

ಸಂಜೆ ಹಿಡಿಯ ಮೇಲಿದ್ದ ಹಿತ್ತಾಳೆ ಬಿಲ್ಲೆಯನ್ನು ಒರೆಸಿದಾಗ ಹದ್ದಿನ ಚಿತ್ರ, ಸುತ್ತ 'ವಾರಂಟೆಡ್ ಸುಪೀರಿಯರ್' ಅನ್ನುವ ಅಕ್ಷರ ಕಂಡವು. ತಯಾರಕರ ಹೆಸರು ಸಿಕ್ಕಿತು ಅಂತ ಕುಣಿದೆ. ಹುಡುಕಿದಾಗ ಗೊತ್ತಾಯಿತು, ಅದು ಯಾವ ಕಂಪನಿಯ ಹೆಸರೂ ಅಲ್ಲ. ಹತ್ತಾರು ತಯಾರಕರು ತಮ್ಮ ಗರಗಸಗಳಿಗೆ ಹಾಕುತ್ತಿದ್ದ ಸಾಮಾನ್ಯ ಬಿಲ್ಲೆ. ಅಂಥ ಗರಗಸಗಳಲ್ಲಿ ನಿಜವಾದ ಹೆಸರು ಇರುವುದು ಅಲಗಿನ ಮಧ್ಯೆ, ಆಮ್ಲದಿಂದ ಕೊರೆದ ತೆಳು ಮುದ್ರೆಯಲ್ಲಿ. ಅದರ ಆಳ ಕೂದಲೆಳೆಗಿಂತ ಕಡಿಮೆ. ಮಧ್ಯಾಹ್ನವೇ ಅದು ಉಪ್ಪುಕಾಗದದ ಧೂಳಾಗಿ ನೆಲಕ್ಕೆ ಬಿದ್ದಿತ್ತು.

ಮಾಡಬೇಕಿದ್ದದ್ದು ಇಷ್ಟು. ಮೊದಲು ರೇಜರ್ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ತುಕ್ಕಿನ ಹೊಪ್ಪಳೆ ಕೆರೆಯುವುದು. ಆಮೇಲೆ 400ರ ನೀರು ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಸೀಮೆಎಣ್ಣೆ ಹಾಕಿ, ಹೆಸರಿರಬಹುದಾದ ಜಾಗದಲ್ಲಿ ಹಗುರವಾಗಿ ಉಜ್ಜುವುದು. ಬೆರಳಿನಿಂದ ಒತ್ತಿ ಉಜ್ಜಬಾರದು, ಬೆರಳು ತಗ್ಗಿಗೂ ಇಳಿಯುತ್ತದೆ. ಮರದ ತುಂಡು ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ತಗ್ಗಿನ ಅಕ್ಷರ ಕಪ್ಪಾಗಿ ಉಳಿದು ಎದ್ದು ಕಾಣುತ್ತದೆ.

ದಿನ 2: ಏನನ್ನೂ ಉಜ್ಜದ ದಿನ

ಈ ದಿನ ಕೈಗೆ ಸಿಕ್ಕದ್ದು ಹಳೆಯ ಹಲ್ಲುಜ್ಜುವ ಬ್ರಷ್, ಎಣ್ಣೆ ಬಟ್ಟೆ, ಟಾರ್ಚು, ತೆಳು ಕಾಗದ, ಪೆನ್ಸಿಲ್ ಮಾತ್ರ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಲೋಹದ ಮೇಲೆ ಅಡ್ಡಡ್ಡ ಬಿಟ್ಟರೆ ತುಕ್ಕಿನಡಿಯ ಅಕ್ಷರಕ್ಕೆ ನೆರಳು ಬೀಳುತ್ತದೆ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅಚ್ಚು ಮೂಡುತ್ತದೆ. ಮೂರು ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಹಿಡಿಸಿದ ಮೂರು ಗಂಟೆ ಅದೇ.

ಕೀಸುಳಿ: ಉದ್ದ 14 ಇಂಚು, ಅಲಗಿನ ಅಗಲ 2 ಇಂಚು. ಮೂತಿಯ ಬಳಿ ಎರಕದಲ್ಲೇ 'ಬೇಲಿ' (Bailey) ಅಂತ ಹೆಸರು, ಜೊತೆಗೆ ನಂ. 5. ಅಂದರೆ ಅಮೆರಿಕದ ಸ್ಟ್ಯಾನ್ಲಿ ಕಂಪನಿಯದು. ಲೆನಾರ್ಡ್ ಬೇಲಿಯ ವಿನ್ಯಾಸಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತ್ತು, ಆದರೆ ಆತನ ಹೆಸರನ್ನು ಮೂತಿಯ ಮೇಲೆ ಎರಕ ಹಾಕತೊಡಗಿದ್ದು 1902ರ ಸುಮಾರಿಗೆ. ಅಲಗು ಕೂರುವ ಇಳಿಜಾರು ಪೀಠಕ್ಕೆ ಫ್ರಾಗ್ ಅನ್ನುತ್ತಾರೆ. ಅದರ ಹಿಂದೆ, ಕಪ್ಪು ಬಣ್ಣದಡಿ, ಮೂರು ಪೇಟೆಂಟ್ ತಾರೀಖುಗಳು ಸಿಕ್ಕವು: 1902ರ ಮಾರ್ಚ್ 25, 1902ರ ಆಗಸ್ಟ್ 19, 1910ರ ಏಪ್ರಿಲ್ 19. ಮೂರೂ ಒಟ್ಟಿಗಿದ್ದರೆ ಅದು ಸುಮಾರು 1910ರಿಂದ 1918ರೊಳಗಿನ ಎರಕ. ಇನ್ನೊಂದು ಸಾಕ್ಷಿಯೂ ಹೊಂದಿತು: ಅಲಗನ್ನು ಮೇಲಿಂದ ಒತ್ತಿ ಹಿಡಿಯುವ ಲಿವರ್ ಕ್ಯಾಪ್ ಬೋಳಾಗಿದೆ. ಅದರ ಮೇಲೆ ಸ್ಟ್ಯಾನ್ಲಿ ಹೆಸರು ಬಂದದ್ದು 1925ರ ಹೊತ್ತಿಗೆ.

ಇಷ್ಟು ಬರೆದುಕೊಂಡು ಅಲಗು ತಿರುವಿದರೆ 'ಮೇಡ್ ಇನ್ ಇಂಗ್ಲೆಂಡ್'! ಅಮೆರಿಕದ ಮೈಗೆ ಇಂಗ್ಲೆಂಡಿನ ಅಲಗು. ಸ್ಟ್ಯಾನ್ಲಿ ಇಂಗ್ಲೆಂಡಿನಲ್ಲಿ ಕೀಸುಳಿ ಮಾಡತೊಡಗಿದ್ದು 1930ರ ದಶಕದ ಉತ್ತರಾರ್ಧದಲ್ಲಿ. ಹಾಗಾದರೆ ಮೊದಲ ಅಲಗು ಸುಮಾರು ಇಪ್ಪತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮಸೆದು ಮಸೆದು ಸವೆದು ಮುಗಿದ ಮೇಲೆ ಇದನ್ನು ಹಾಕಿದ್ದಾರೆ. ಅಲಗೊಂದನ್ನೇ ನೋಡಿ ವಯಸ್ಸು ಹೇಳುವವರನ್ನು ಅಂದಿನಿಂದ ನಾನು ನಂಬುವುದಿಲ್ಲ. ಸವೆಯುವ ಭಾಗಗಳು ಬದಲಾಗುತ್ತಲೇ ಇರುತ್ತವೆ, ತಾರೀಖನ್ನು ಮೈಯಿಂದ ಓದಬೇಕು.

ಉಳಿಗಳು: ಎರಡರ ಮೇಲೆ ಮೂರೆಲೆಯ ಗುರುತು, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು. ಅದು 1828ರಲ್ಲಿ ಶುರುವಾದ ಮಾರ್ಪಲ್ಸ್ ಕಂಪನಿಯದು. ಮೂರನೆಯದರಲ್ಲಿ 'ಕ್ಯಾಸ್ಟ್ ಸ್ಟೀಲ್' ಅಂತಷ್ಟೇ ಇದೆ. ಇದನ್ನು ಓದಿ ಬೀಡು ಕಬ್ಬಿಣ ಅಂದುಕೊಂಡು, ಕಸಕ್ಕೆ ಹಾಕುವ ರಾಶಿಗೆ ಸೇರಿಸಿದ್ದೆ. ಪುಣ್ಯಕ್ಕೆ ಹಾಕಲಿಲ್ಲ. ಅದು ಮೂಸೆಯಲ್ಲಿ ಕರಗಿಸಿ ಎರೆದ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ ರೂಢಿಗೆ ತಂದ ವಿಧಾನ. ಒಂದು ಕಾಲದಲ್ಲಿ ಆ ಎರಡು ಪದ ಒಳ್ಳೆಯ ಉಕ್ಕಿನ ಜಂಬದ ಮುದ್ರೆಯಾಗಿತ್ತು.

ನಾಲ್ಕನೆಯ ಉಳಿಗೆ ಹೆಸರೇ ಇಲ್ಲ. ಆದರೆ ಬೆನ್ನಿನ ಮೇಲೆ ಓರೆಯಾಗಿ ಒಂದರ ಮೇಲೊಂದು ಹಾದುಹೋದ ಸಣ್ಣ ಗೆರೆಗಳಿವೆ. ಅದು ಹಳೆಯ ಅರ! ಸವೆದ ಅರವನ್ನು ಕಾಯಿಸಿ ಬಡಿದು ಉಳಿ ಮಾಡಿದ್ದಾರೆ.

ಆ ಚಕ್ರದ ಇಕ್ಕಳ ಬಗೆಹರಿಯಲಿಲ್ಲ. ಟಿಕೆಟ್ಟಿಗೆ ತೂತು ಹೊಡೆಯುವುದೇನೋ ಅನ್ನಿಸಿತು. ದೊಡ್ಡಪ್ಪನಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು.

"ಎಲ್ಲಿತ್ತೋ ಅದು?"

"ತಾತನ ಪೆಟ್ಟಿಗೆಯಲ್ಲಿ, ದೊಡ್ಡಪ್ಪ. ಏನದು?"

"ಗರಗಸದ ಹಲ್ಲು ಓರೆ ಮಾಡೋದು ಕಣೋ. ಒಂದು ಹಲ್ಲು ಆ ಕಡೆ, ಒಂದು ಈ ಕಡೆ. ಅದಿಲ್ಲದಿದ್ರೆ ಗರಗಸ ಮರದಲ್ಲೇ ಸಿಕ್ಕೊಳತ್ತೆ. ನೀನು ಆಗಲೇ ಫಳಫಳ ಮಾಡಿದೀಯಲ್ಲ, ಆ ಗರಗಸದ್ದೇ."

ನಾನು ಮಾತು ಬದಲಿಸಿದೆ. ಬ್ರಷ್ ಹಾಕಿದಾಗ ಪಕ್ಕದಲ್ಲಿ 'ಎಕ್ಲಿಪ್ಸ್ 77' ಅಂತ ಕಂಡಿತು. ಇದೂ ಶೆಫೀಲ್ಡಿನದೇ.

ದಿನ 3: ಕೀಸುಳಿ ಬಿಚ್ಚಿದ್ದು

ಪ್ರತಿ ಹೆಜ್ಜೆಗೂ ಫೋಟೋ. ತಿರುಪುಗಳನ್ನು ರಟ್ಟಿನ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟೆ. ತಿರುಪಿನ ತಲೆಯ ಸೀಳಿಗೆ ಸರಿಯಾಗಿ ತುಂಬುವ ಹಾಗೆ ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿಕೊಂಡೆ. ಇದಕ್ಕೆ ಹತ್ತು ನಿಮಿಷ ಹೋಯಿತು, ಆದರೆ ಒಂದು ತಿರುಪಿನ ತಲೆಯೂ ಕಿತ್ತುಹೋಗಲಿಲ್ಲ.

ಸಿಕ್ಕಿಕೊಂಡದ್ದು ಅಲಗನ್ನು ಹಿಂದೆ ಮುಂದೆ ಮಾಡುವ ದುಂಡು ಹಿತ್ತಾಳೆ ಗಾಲಿ. ಎಣ್ಣೆ ಬಿಟ್ಟೆ, ಕಾಯಿಸಿದೆ, ಕೊನೆಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು ಎಡಕ್ಕೆ ತಿರುಗಿಸಿದೆ. ಅದು ಇನ್ನೂ ಬಿಗಿಯಾಯಿತು. ಅರ್ಧ ಗಂಟೆ ಬಿಗಿ ಮಾಡುತ್ತಲೇ ಇದ್ದೆ. ಆ ಗಾಲಿಗೆ ಇರುವುದು ಎಡ ಸುತ್ತಿನ ಮರೆ (ತಿರುಪಿನ ಸುರುಳಿ ಗೆರೆ)! ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಲಕ್ಕೆ ತಿರುಗಿಸಿದ ಕೂಡಲೇ ಬೆರಳಿಗೇ ಬಂತು. ಗಾಲಿಯ ಅಂಚಿನಲ್ಲಿ ನನ್ನ ಇಕ್ಕಳದ ನಾಲ್ಕು ಹಲ್ಲು ಮಾತ್ರ ಶಾಶ್ವತ.

ದಿನ 4–5: ನಿಂಬೆ ಉಪ್ಪಿನ ನೀರು

1 ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಟ್ಟು 4 ಲೀಟರ್, ಪ್ಲಾಸ್ಟಿಕ್ ಟ್ರೇ. ಎಣ್ಣೆ ಜಿಡ್ಡಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ, ಹಾಗಾಗಿ ಮೊದಲು ಸೋಪಿನ ನೀರಿನಲ್ಲಿ ತೊಳೆದೆ. ಎರಡು ಗಂಟೆಗೊಮ್ಮೆ ತೆಗೆದು ಬ್ರಷ್ ಹಾಕಿ ಮತ್ತೆ ಮುಳುಗಿಸಿದೆ. ಕೀಸುಳಿಯ ಮೈಗೆ 6 ಗಂಟೆ ಸಾಕಾಯಿತು. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರು, ಆಮೇಲೆ ಬಿಸಿ ನೀರು, ತಕ್ಷಣ ಒರೆಸಿ ಎಣ್ಣೆ. 'ತಕ್ಷಣ' ಅಂದರೆ ಮಾತಿಗಲ್ಲ. ಫೋನು ಬಂತು ಅಂತ ಹತ್ತು ನಿಮಿಷ ಬಿಟ್ಟು ಬಂದರೆ ಕಿತ್ತಳೆ ಬಣ್ಣದ ಹೊಸ ತುಕ್ಕು ಪೌಡರಿನ ಹಾಗೆ ಕೂತಿತ್ತು.

ತಪ್ಪು ಒಂದು: ಹಿತ್ತಾಳೆ ಗಾಲಿಯನ್ನೂ ಅದೇ ಟ್ರೇಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಗುಲಾಬಿ ಬಣ್ಣ. ಆಮ್ಲ ಮೇಲ್ಪದರದ ಸತುವನ್ನು ತಿಂದು ತಾಮ್ರ ಬಿಟ್ಟಿತ್ತು. ಲೋಹದ ಪಾಲಿಶ್ ಹಾಕಿ ಉಜ್ಜಿ ತಿರುಗಿ ಹಳದಿ ಮಾಡಲು ಮುಕ್ಕಾಲು ಗಂಟೆ.

ತಪ್ಪು ಎರಡು: ಮಾರ್ಪಲ್ಸ್ ಉಳಿಗಳಲ್ಲಿ ಒಂದನ್ನು ರಾತ್ರಿಯಿಡೀ ಮರೆತೆ. ತುಕ್ಕು ಪೂರ್ತಿ ಹೋಯಿತು, ಆದರೆ ಮೂರೆಲೆಯ ಗುರುತೂ ಅರ್ಧ ಮಾಸಿತು. ಮೇಲ್ಮೈ ಮರಳಿನಂತೆ ಒರಟಾಗಿದೆ. ಅದರ ಜೋಡಿಯನ್ನು 3 ಗಂಟೆಗೇ ತೆಗೆದಿದ್ದೆ, ಅಕ್ಷರ ಚೊಕ್ಕವಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ನಿದ್ದೆಯ ಬೆಲೆ ಕಾಣುತ್ತದೆ.

ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನವೂ ಇದೆ. ನಾನು ಮಾಡಲಿಲ್ಲ. ಮಾಡುವವರು ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬೇಡಿ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತದೆ. ಹೊರಬರುವ ಅನಿಲ ಹೊತ್ತಿಕೊಳ್ಳುವಂಥದ್ದು, ಮುಚ್ಚಿದ ಕೋಣೆಯೂ ಬೇಡ.

ದಿನ 6–8: ಮುರಿದ ಹಿಡಿ

ಕೀಸುಳಿಯ ಹಿಂಬದಿ ಹಿಡಿ ಕುತ್ತಿಗೆಯಲ್ಲಿ ಮುರಿದಿತ್ತು. ಮರ ರೋಸ್‌ವುಡ್. ಮರಕ್ಕೆ ಹಾಕುವ ಬಿಳಿ ಗೋಂದು ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಿಡಿದು ತಳ್ಳಿದರೆ ಟಕ್ ಅಂತ ಅದೇ ಜಾಗದಲ್ಲಿ ಬಿಟ್ಟುಕೊಂಡಿತು. ಆ ಮರದಲ್ಲೇ ಎಣ್ಣೆಯ ಅಂಶವಿದೆ, ಮುರುಕಿನಲ್ಲಿ ಎಷ್ಟೋ ವರ್ಷದ ಕೈ ಜಿಡ್ಡೂ ಇತ್ತು.

ಎರಡನೇ ಸಲ ಗೋಂದನ್ನು ಬಿಸಿ ನೀರಿನಲ್ಲಿ ಬಿಡಿಸಿ, ಒಣಗಿಸಿ, ಎರಡೂ ಮುಖವನ್ನು ಅಸಿಟೋನಿನಿಂದ ಒರೆಸಿದೆ. ಬಟ್ಟೆಗೆ ಕಂದು ಬಣ್ಣ ಹತ್ತುವುದು ಕಡಿಮೆಯಾಗುವವರೆಗೆ, ಒಟ್ಟು ಐದು ಸಲ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಚ್ಚಿದೆ. ಆ ಬಾಗಿದ ಆಕಾರಕ್ಕೆ ಯಾವ ಕ್ಲ್ಯಾಂಪೂ ಕೂರುವುದಿಲ್ಲ, ಸೈಕಲ್ ಟ್ಯೂಬಿನ ಪಟ್ಟಿ ಕೊಯ್ದು ಎಳೆದೆಳೆದು ಸುತ್ತಿದೆ. ಒಳಗಿನ ಕಂಬಿಯ ತೂತಿಗೆ ಎಪಾಕ್ಸಿ ಇಳಿಯದಂತೆ ಮೇಣ ಸವರಿದ ಕಡ್ಡಿ ತೂರಿಸಿದ್ದೆ. ಇದೊಂದು ಬುದ್ಧಿವಂತಿಕೆ ನನ್ನದು. 24 ಗಂಟೆ ಬಿಟ್ಟೆ. ಈಗ ಬಿಡುವುದಿಲ್ಲ.

ಮುಂದಿನ ಪೆದ್ದುತನವೂ ನನ್ನದೇ. ಹಿಡಿಯನ್ನು ಮೈಗೆ ಕಟ್ಟುವ ಕಂಬಿ ತುಕ್ಕು ತಿಂದು ಬಾಗಿತ್ತು, ಬದಲಿಗೆ 6 ಮಿಲಿಮೀಟರಿನ ಹೊಸ ಕಂಬಿ ತಂದು ಹಳೆಯ ಹಿತ್ತಾಳೆ ನಟ್ಟನ್ನು ಅದಕ್ಕೆ ಒತ್ತಿ ತಿರುಗಿಸಿದೆ. ಎರಡು ಸುತ್ತು ಹೋಗಿ ಕಚ್ಚಿತು. ಸ್ಟ್ಯಾನ್ಲಿಯ ಆ ಕಂಬಿ ಸುಮಾರು 5.5 ಮಿಲಿಮೀಟರ್ ದಪ್ಪ, ಇಂಚಿಗೆ 20 ಸುತ್ತು. ಈಗಿನ ಅಂಗಡಿಯ ಯಾವ ಅಳತೆಗೂ ಅದು ಹೊಂದುವುದಿಲ್ಲ. ನಟ್ಟಿನ ಎರಡು ಮರೆ ನಜ್ಜಾಯಿತು. ಮರ್ಯಾದೆಯಾಗಿ ಹಳೆಯ ಕಂಬಿಯನ್ನೇ ನೆಟ್ಟಗೆ ಬಡಿದು, ಮರೆಗಳನ್ನು ಸಣ್ಣ ತ್ರಿಕೋನ ಅರದಿಂದ ಕೆರೆದು ಹಾಕಿದೆ. ಆದರೂ ಹಿಡಿ ಅಲ್ಲಾಡುತ್ತಿತ್ತು. ಮರ ವರ್ಷಗಳಲ್ಲಿ ಕುಗ್ಗಿದೆ, ಕಂಬಿ ಕುಗ್ಗಿಲ್ಲ, ನಟ್ಟು ಮರವನ್ನು ಒತ್ತುವ ಮೊದಲೇ ಕಂಬಿಯ ತುದಿಗೆ ಮುಟ್ಟಿ ನಿಲ್ಲುತ್ತಿತ್ತು. ತುದಿಯಿಂದ 2 ಮಿಲಿಮೀಟರ್ ಉಜ್ಜಿ ತೆಗೆದ ಮೇಲೆ ಬಿಗಿಯಾಯಿತು.

ದಿನ 9: ತಳ

ದಪ್ಪ ಗಾಜಿನ ಮೇಲೆ 80ರ ಕಾಗದ ಅಂಟಿಸಿ, ತಳದ ತುಂಬ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದು ಉಜ್ಜಿದೆ. ಗೆರೆ ಉಳಿದ ಕಡೆ ತಗ್ಗು. ಅಲಗು ಹೊರಚಾಚುವ ಬಾಯಿಯ ಸುತ್ತ 0.15 ಮಿಲಿಮೀಟರ್ ತಗ್ಗಿತ್ತು. ಒಂದು ಗಂಟೆ ಉಜ್ಜಿ ಎಲ್ಲ ಗೆರೆ ಹೋದ ಮೇಲೆ ಫ್ರಾಗ್, ಅಲಗು, ಲಿವರ್ ಕ್ಯಾಪ್ ಹಾಕಿ ಬಿಗಿದು ಮತ್ತೆ ನೋಡಿದರೆ ತಳ ಪುನಃ ಸೊಟ್ಟ. ಬಿಗಿದಾಗ ಬೀಡು ಕಬ್ಬಿಣವೂ ಚೂರು ಬಾಗುತ್ತದೆ. ಎಲ್ಲವನ್ನೂ ಜೋಡಿಸಿ, ಅಲಗನ್ನು ಮಾತ್ರ ಒಳಗೆ ಎಳೆದುಕೊಂಡು ಉಜ್ಜಬೇಕಿತ್ತು. ಇನ್ನೊಂದು ಗಂಟೆ ಹೋಯಿತು. 120, 220ಕ್ಕೆ ನಿಲ್ಲಿಸಿದೆ. ತಳದ ಮೂತಿ, ಬಾಯಿಯ ಮುಂದಂಚು, ಹಿಮ್ಮಡಿ, ಇವು ಮೂರು ಒಂದೇ ಮಟ್ಟದಲ್ಲಿದ್ದರೆ ಸಾಕು. ಕನ್ನಡಿ ಬೇಕಾದವರು ಕನ್ನಡಿ ಕೊಳ್ಳಲಿ.

ದಿನ 10: ಮಸೆಯುವುದು

ಉಳಿಗಳ ಅಂಚು 25 ಡಿಗ್ರಿಗೆ ಇಳಿಸಿ, ತುದಿಯನ್ನಷ್ಟೇ 30ಕ್ಕೆ ಮಸೆಯುವುದು ಲೆಕ್ಕ. ಸಾಣೆ ಕಲ್ಲಿನಲ್ಲಿ ನಿಧಾನ ಅಂತ ಮಾರ್ಪಲ್ಸ್ ಒಂದನ್ನು ವಿದ್ಯುತ್ ಸಾಣೆ ಚಕ್ರಕ್ಕೆ ಕೊಟ್ಟೆ. ಮೂಲೆ ಒಣಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿತು, ನಾನು 'ಓ' ಅನ್ನುವಷ್ಟರಲ್ಲಿ ನೀಲಿ. ನೀಲಿ ಅಂದರೆ ಅಲ್ಲಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಮುಟ್ಟಿದೆ, ಹದ ಹೋಗಿದೆ. ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಉಕ್ಕು ಮೆತ್ತಗಾದದ್ದು ಹೋಗುವುದಿಲ್ಲ. ಆ 3 ಮಿಲಿಮೀಟರ್ ಉದ್ದವನ್ನೇ ಸವೆಸಬೇಕಾಯಿತು. ಈ ಸಲ ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದುತ್ತಾ, ಬರಿಗೈಯಲ್ಲಿ ಹಿಡಿದು. ಬೆರಳಿಗೆ ಬಿಸಿ ತಡೆಯದಿದ್ದರೆ ಉಕ್ಕಿಗೂ ಸಾಕು ಅಂತ ಅರ್ಥ.

'ಕ್ಯಾಸ್ಟ್ ಸ್ಟೀಲ್' ಉಳಿಯನ್ನು ಮಸೆದಾಗ ಇಳಿಜಾರಿನಲ್ಲಿ ಎರಡು ಬಣ್ಣ ಮೂಡಿದವು: ಬೆನ್ನಿನ ಕಡೆ ಹೊಳೆಯುವ ತೆಳು ಪಟ್ಟಿ, ಮೇಲೆ ಮಂಕು ಬೂದು. ದುಬಾರಿ ಉಕ್ಕನ್ನು ತೆಳುವಾಗಿ, ಮೆತು ಕಬ್ಬಿಣದ ಮೈಗೆ ಕುಲುಮೆಯಲ್ಲಿ ಬೆಸೆದಿದ್ದಾರೆ. ಬೆಸುಗೆಯ ಗೆರೆ ಕೂದಲಷ್ಟು ನೇರ. ಕಸದ ರಾಶಿಗೆ ಹಾಕಿದ್ದ ಉಳಿ ಇದು. ನಾಲ್ಕರಲ್ಲಿ ಅಂಚು ಹೆಚ್ಚು ಹೊತ್ತು ನಿಲ್ಲುವುದೂ ಇದರದೇ.

ಅರದಿಂದ ಮಾಡಿದ ಉಳಿಯ ಬೆನ್ನನ್ನು ತುದಿಯಿಂದ 20 ಮಿಲಿಮೀಟರ್ ಮಾತ್ರ ಚಪ್ಪಟೆ ಮಾಡಿದೆ. ಅದರ ಹಿಂದೆ ಅರದ ಗೆರೆಗಳು ಹಾಗೇ ಇವೆ.

ಕೀಸುಳಿಯ ಅಲಗು ಮಸೆದು ಜೋಡಿಸಿ ಮೆದು ಮರದ ಮೇಲೆ ಓಡಿಸಿದರೆ ಎರಡೇ ಎಳೆತಕ್ಕೆ ಬಾಯಿ ಕಟ್ಟಿತು. ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ನಿನ ಅಂಚಿನಡಿ ಬೆಳಕು ತೂರುತ್ತಿತ್ತು, ಆ ಸಂದಿಗೆ ಹೊಟ್ಟು ನುಗ್ಗುತ್ತಿತ್ತು. ಅದರ ಅಂಚನ್ನು ಕಲ್ಲಿನ ಮೇಲೆ ಉಜ್ಜಿ ಸಂದಿ ಮುಚ್ಚಿ, ಅಲಗಿನ ತುದಿಯಿಂದ ಅರ್ಧ ಮಿಲಿಮೀಟರ್ ಹಿಂದೆ ಕೂರಿಸಿದೆ. ಮುಂದಿನ ಎಳೆತಕ್ಕೆ ಹಲಗೆಯ ಉದ್ದಕ್ಕೂ ಒಂದೇ ಸುರುಳಿ ಬಂತು. ದಪ್ಪ 0.05 ಮಿಲಿಮೀಟರ್. ಅಳೆದೆ, ಅಳೆಯದೆ ಇರಲಾಗಲಿಲ್ಲ.

ದಿನ 12: ಗರಗಸಕ್ಕೆ ವಾಪಸ್

ಹಿಮ್ಮಡಿಯ, ಅಂದರೆ ಅಲಗಿನ ಹಿಡಿ ಕಡೆಯ ತುದಿಯ ಹತ್ತಿರ '8' ಅಂತ ಗುದ್ದಿದ ಅಂಕೆ ಮಾತ್ರ ನನ್ನ ಕೈಯಿಂದ ಬದುಕಿತ್ತು. ಇಂಚಿಗೆ 8 ತುದಿಗಳು, ಎರಡೂ ಕೊನೆ ಸೇರಿಸಿ ಎಣಿಸಿದರೆ. ಪೂರ್ತಿ ಹಲ್ಲು ಲೆಕ್ಕ ಹಾಕಿದರೆ 7. ನಾನು ಮೂರು ಸಲ ಎಣಿಸಿ, ಮೂರು ಸಲವೂ ಅಂಕೆ ತಪ್ಪಾಗಿದೆ ಅಂದುಕೊಂಡೆ.

ಚಪ್ಪಟೆ ಅರವನ್ನು ಹಲ್ಲುಗಳ ತಲೆಯ ಮೇಲೆ ಉದ್ದಕ್ಕೆ ಓಡಿಸಿ ಎಲ್ಲ ಹಲ್ಲಿನ ಎತ್ತರ ಸಮ ಮಾಡಿದೆ. ಆಮೇಲೆ ಎಕ್ಲಿಪ್ಸ್ ಇಕ್ಕಳ. ಅದರ ಚಕ್ರದಲ್ಲೂ ಅಂಕೆಗಳಿವೆ, ಇಂಚಿಗೆ ಎಷ್ಟು ತುದಿ ಅನ್ನುವುದಕ್ಕೆ. 8ಕ್ಕೆ ಇಟ್ಟು ಒಂದು ಬಿಟ್ಟು ಒಂದು ಹಲ್ಲು ಒತ್ತಿದೆ, ತಿರುಗಿಸಿ ಉಳಿದವನ್ನು ಒತ್ತಿದೆ. ಓರೆ ವಿಪರೀತವಾಯಿತು. ಗರಗಸ ಮರದಲ್ಲಿ ಅಗಲವಾದ ಸೀಳು ಮಾಡಿಕೊಂಡು ಅದರೊಳಗೆ ಓಲಾಡುತ್ತಿತ್ತು. 10ಕ್ಕೆ ಇಟ್ಟಿದ್ದರೆ ಸಾಕಿತ್ತು. ಹಿಂದಕ್ಕೆ ಬಗ್ಗಿಸಲು ಹೋದಾಗ ಒಂದು ಹಲ್ಲು ಕೈಗೇ ಬಂತು. ಅಲ್ಲಿಗೆ ಆ ಪ್ರಯೋಗ ನಿಲ್ಲಿಸಿ, ಅಲಗನ್ನು ಚಪ್ಪಟೆಯಾಗಿ ಮಲಗಿಸಿ ಸಾಣೆ ಕಲ್ಲನ್ನು ಎರಡೂ ಪಕ್ಕಕ್ಕೆ ಎರಡೆರಡು ಸಲ ಹಗುರವಾಗಿ ಎಳೆದೆ. ಓರೆ ಅಷ್ಟಿಷ್ಟು ಇಳಿಯಿತು.

ಹಲ್ಲು ಮಸೆಯಲು ಸಣ್ಣ ತ್ರಿಕೋನ ಅರ, ಅಡ್ಡ ಕೊಯ್ಯುವ ಗರಗಸವಾದ್ದರಿಂದ 20 ಡಿಗ್ರಿ ಓರೆಯಲ್ಲಿ, ಪ್ರತಿ ಹಲ್ಲಿಗೆ ಎರಡು ಎಳೆತ. ಒಂದೂವರೆ ಗಂಟೆ. ಈಗ ಗೆರೆ ಹಿಡಿದು ಕೊಯ್ಯುತ್ತದೆ. ಹಲ್ಲಿಲ್ಲದ ಜಾಗ ಮರಕ್ಕೆ ಗೊತ್ತಾಗುವುದಿಲ್ಲ, ನನಗೆ ಪ್ರತಿ ಸಲವೂ ಗೊತ್ತಾಗುತ್ತದೆ.

ಇಲ್ಲಿಯವರೆಗಿನ ಖರ್ಚು

ನಿಂಬೆ ಉಪ್ಪು 200 ಗ್ರಾಂ, ಉಪ್ಪುಕಾಗದ 11 ಹಾಳೆ (ಅದರಲ್ಲಿ 3 ತಳವನ್ನು ಎರಡು ಸಲ ಉಜ್ಜಿದ್ದಕ್ಕೆ), ತ್ರಿಕೋನ ಅರ 1, ಎಪಾಕ್ಸಿ ಒಂದು ಜೋಡಿ, ಹಳೆ ಟ್ಯೂಬು 1, ಅಗಸೆ ಎಣ್ಣೆ ಹಿಡಿಗಳಿಗೆ ಸ್ವಲ್ಪ. ಒಟ್ಟು ಸಮಯ 31 ಗಂಟೆ. ನನ್ನ ತಪ್ಪು ತಿದ್ದಲು ಹೋದದ್ದೇ 9 ಗಂಟೆ.

ದಿನ 23: ಬೈರಿಗೆ

ಎಲ್ಲಕ್ಕಿಂತ ಸುಲಭ ಅಂತ ಕೊನೆಗೆ ಇಟ್ಟುಕೊಂಡಿದ್ದೆ. ತೂತು ಕೊರೆಯುವ ಬಿಟ್ ಹಿಡಿಯುವ ದವಡೆಯ ಚಿಪ್ಪು ತಿರುಗುತ್ತಿಲ್ಲ. ಎಣ್ಣೆ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿ, ದವಡೆ ಮುಳುಗುವಷ್ಟು ಡಬ್ಬಿಯಲ್ಲಿ ನಿಲ್ಲಿಸಿ ಇವತ್ತಿಗೆ ಹನ್ನೊಂದು ದಿನ. ದಿನಾ ಬೆಳಿಗ್ಗೆ ಕೊಡತಿಯಿಂದ ನಾಲ್ಕು ಏಟು ಮೆಲ್ಲಗೆ ತಟ್ಟಿ, ಪಟ್ಟಿ ಸುತ್ತಿ ತಿರುಗಿಸಿ ನೋಡುತ್ತೇನೆ. ಎಡಕ್ಕೂ, ಬಲಕ್ಕೂ. ಚಿಪ್ಪಿನ ಮೇಲೆ ಏನೋ ಅಕ್ಷರವಿದೆ, ಪೆನ್ಸಿಲ್ಲಿನಲ್ಲಿ ಅಚ್ಚು ತೆಗೆದು ಇಟ್ಟಿದ್ದೇನೆ. ಇಕ್ಕಳ ಇನ್ನೂ ಮುಟ್ಟಿಸಿಲ್ಲ.